ಓದುಗರ ಪ್ರಶ್ನೆ, ನಮ್ಮ ಉತ್ತರ: ಲೋಡರ್ ಆಯಿಲ್ ಯಾಕಿಷ್ಟು ಕಾಯುತ್ತೆ?

ಪ್ರಶ್ನೆ: ಸರ್, ಹೆಸರಘಟ್ಟ ರೋಡಲ್ಲಿ ನಮ್ದೊಂದು ನರ್ಸರಿ ಇದೆ. ಸೆಕೆಂಡ್ ಹ್ಯಾಂಡ್ ಮಿನಿ ಟ್ರಾಕ್ಟರ್ ತಗೊಂಡು ಅದರ ಮುಂದೆ ಲೋಡರ್ ಬಕೆಟ್ಟನ್ನ ಇಲ್ಲೇ ಫ್ಯಾಬ್ರಿಕೇಷನ್ ಮಾಡಿಸಿದೀವಿ, ಎಂಜಿನ್ ಮುಂದೆ ಬೇರೆ ಗೇರ್ ಪಂಪು, ಬೇರೆ 25 ಲೀಟರ್ ಟ್ಯಾಂಕು. ಕೆಮ್ಮಣ್ಣು, ಕೊಕೊಪೀಟು, ಕೊಟ್ಟಿಗೆ ಗೊಬ್ಬರ ಕಲಸಿ ಟೆಂಪೋಗೆ ತುಂಬೋದೇ ಕೆಲಸ. ಬೆಳಿಗ್ಗೆ ಚೆನ್ನಾಗೇ ಎತ್ತುತ್ತೆ, ಮುಕ್ಕಾಲು ಗಂಟೆ ಆದ್ಮೇಲೆ ಟ್ಯಾಂಕ್ ಮುಟ್ಟೋಕಾಗಲ್ಲ, ಬಕೆಟ್ ನಿಧಾನ ಆಗುತ್ತೆ, ಎತ್ತಿ ನಿಲ್ಲಿಸಿದ್ರೆ ತಾನಾಗೇ ಇಳಿಯುತ್ತೆ, ಸುಟ್ಟ ವಾಸನೆ ಬೇರೆ. ಒಬ್ಬ ಮೆಕ್ಯಾನಿಕ್ ಕೂಲರ್ ಹಾಕ್ಸಿ ಅಂತಾರೆ, ಇನ್ನೊಬ್ರು 46 ತೆಗೆದು 68 ಆಯಿಲ್ ಹಾಕಿ ಅಂತಾರೆ. ಯಾರ ಮಾತು ಕೇಳ್ಬೇಕು?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಕೂಲರ್ ಹಾಕೋದು ತಪ್ಪಲ್ಲ, 68 ಹಾಕೋದೂ ತಪ್ಪಲ್ಲ, ಆದ್ರೆ ಬಿಸಿ ಎಲ್ಲಿ ಹುಟ್ತಿದೆ ಅಂತ ಗೊತ್ತಾಗದೆ ಇವೆರಡ್ರಲ್ಲಿ ಯಾವ್ದಕ್ಕೆ ದುಡ್ಡು ಹಾಕಿದ್ರೂ ರೋಗ ಒಳಗೇ ಉಳಿಯುತ್ತೆ, ಪಂಪು ಸೀಲು ಸವೀತಾನೇ ಇರುತ್ತೆ.

ಹೈಡ್ರಾಲಿಕ್ಸಲ್ಲಿ ಒಂದು ವಿಷ್ಯ ತಲೇಲಿಟ್ಕೊಳ್ಳಿ, ಒತ್ತಡದಲ್ಲಿರೋ ಆಯಿಲು ಏನೂ ಭಾರ ಎತ್ತದೆ ಯಾವ್ದೋ ಇಕ್ಕಟ್ಟು ಜಾಗದಿಂದ ನುಸುಳಿ ಟ್ಯಾಂಕಿಗೆ ವಾಪಸ್ ಹೋದ್ರೆ ಆ ಒತ್ತಡವೆಲ್ಲಾ ಬಿಸಿಯಾಗಿ ಬದಲಾಗುತ್ತೆ. ಎಷ್ಟು ಬಿಸಿ ಅನ್ನೋದಕ್ಕೆ ಲೆಕ್ಕ ಸುಲಭ, ಬಾರ್‌ನಲ್ಲಿರೋ ಒತ್ತಡಾನ ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತೋ ಅದರಿಂದ ಗುಣಿಸಿ 600ರಿಂದ ಭಾಗಿಸಿದ್ರೆ ಕಿಲೋವ್ಯಾಟ್ ಬರುತ್ತೆ. ನಿಮ್ಮಂಥ ಗಾಡೀಲಿ ಒಂದು ಸುತ್ತಿಗೆ 8 ಸಿಸಿ ಆಯಿಲ್ ತಳ್ಳೋ ಪಂಪು 2500 ಆರ್‌ಪಿಎಂನಲ್ಲಿ ತಿರುಗಿದ್ರೆ ನಿಮಿಷಕ್ಕೆ 20 ಲೀಟರ್, ಒತ್ತಡ ಮಿತಿ ಮೀರಿದಾಗ ತೆರೆದು ಆಯಿಲನ್ನ ಟ್ಯಾಂಕಿಗೆ ಬಿಡೋ ರಿಲೀಫ್ ವಾಲ್ವ್ 160 ಬಾರ್‌ಗೆ ಸೆಟ್ ಆಗಿದ್ರೆ, ಆಯಿಲೆಲ್ಲಾ ರಿಲೀಫ್ ಮೇಲೇ ಹೋದಾಗ 5.3 ಕಿಲೋವ್ಯಾಟ್. ಮನೇಲಿರೋ 2 ಕಿಲೋವ್ಯಾಟ್ ಗೀಸರ್ ಎರಡೂವರೆ ಒಟ್ಟಿಗೆ ಆ ಟ್ಯಾಂಕಲ್ಲಿ ಮುಳುಗಿಸಿಟ್ಟ ಹಾಗೆ. 25 ಲೀಟರ್ ಆಯಿಲು ಆ ಲೆಕ್ಕದಲ್ಲಿ ನಿಮಿಷಕ್ಕೆ 7-8 ಡಿಗ್ರಿ ಏರುತ್ತೆ, ಅಂದ್ರೆ ಬೆಳಿಗ್ಗೆ 25 ಡಿಗ್ರಿ ಇದ್ದಿದ್ದು ಏಳೆಂಟು ನಿಮಿಷದಲ್ಲಿ 80 ಮುಟ್ಟಬಹುದು. ಇನ್ನೊಂದು ಕಡೆ ಆ ತಗಡಿನ ಟ್ಯಾಂಕು ಗಾಳಿಗೆ ಬಿಟ್ಟುಕೊಡೋದು ಕೆಲವು ನೂರು ವ್ಯಾಟ್ ಅಷ್ಟೇ. ನಿಮ್ದು ಬಿಸಿಯಾಗೋಕೆ ಮುಕ್ಕಾಲು ಗಂಟೆ ತಗೊಳ್ತಿದೆ ಅಂದ್ರೆ ಆಯಿಲು ಇಡೀ ಹೊತ್ತು ಪೂರ್ತಿ ಒತ್ತಡದಲ್ಲಿ ರಿಲೀಫ್ ಮೇಲೆ ಹೋಗ್ತಿಲ್ಲ, ಆಗಾಗ ಹೋಗ್ತಿದೆ, ಇಲ್ಲಾ ಎಲ್ಲೋ ಒಂದು ಕಡೆ ಅರ್ಧ ಕಟ್ಟಿಕೊಂಡಿದೆ. ಇದು ಒಳ್ಳೇ ಸುದ್ದಿನೇ, ಹುಡುಕಿದ್ರೆ ಸಿಗುತ್ತೆ.

ಮೊದಲನೇ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಬಕೆಟ್ ನೆಲಕ್ಕಿಳಿಸಿ, ಎರಡೂ ಲಿವರ್ ನ್ಯೂಟ್ರಲ್‌ನಲ್ಲಿಟ್ಟು, ಲೋಡರ್ ಮುಟ್ಟದೆ, ನೀವು ದಿನಾ ಕೆಲಸ ಮಾಡೋ ಆರ್‌ಪಿಎಂನಲ್ಲೇ ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ. ಟ್ಯಾಂಕು ಉಗುರು ಬೆಚ್ಚಗಷ್ಟೇ ಆಗಿದ್ರೆ ತೊಂದ್ರೆ ಇರೋದು ಕೆಲಸ ಮಾಡೋ ರೀತೀಲಿ ಅಥವಾ ರಿಲೀಫ್, ಸಿಲಿಂಡರ್ ಕಡೆ. ಸುಮ್ಮನೆ ನಿಂತಿದ್ದೇ ಕಾದುಹೋದ್ರೆ ಆಯಿಲು ಪಂಪಿಂದ ಟ್ಯಾಂಕಿಗೆ ಸುತ್ತು ಹಾಕೋ ದಾರೀಲೇ ಅಡ್ಡಿ ಇದೆ. ಈ ಒಂದು ಪರೀಕ್ಷೆ ಮಾಡದೆ ಯಾವ ಮೆಕ್ಯಾನಿಕ್ಕೂ ಸ್ಪ್ಯಾನರ್ ಎತ್ಕೋಬಾರ್ದು ಅಂತ ನನ್ನ ಅಭಿಪ್ರಾಯ.

ಸುಮ್ಮನೆ ನಿಂತಾಗಲೇ ಕಾದ್ರೆ ಎಲ್ಲೆಲ್ಲಿ ನೋಡ್ಬೇಕು ಅಂದ್ರೆ, ಮೊದ್ಲು ಕಂಟ್ರೋಲ್ ವಾಲ್ವು. ಗೇರ್ ಪಂಪು ನಿಲ್ಲದೆ ಆಯಿಲ್ ತಳ್ತಾನೇ ಇರುತ್ತೆ, ಅದಕ್ಕೇ ಇಂಥ ಗಾಡಿಗೆ ಓಪನ್ ಸೆಂಟರ್ ವಾಲ್ವ್ ಬೇಕು, ಅಂದ್ರೆ ಲಿವರ್ ಬಿಟ್ಟಾಗ ಆಯಿಲು ವಾಲ್ವಿನ ನಡುವಿನಿಂದ ಆರಾಮಾಗಿ ಟ್ಯಾಂಕಿಗೆ ಹೋಗ್ಬೇಕು. ಬೇರೆ ಯಾವ್ದೋ ಯಂತ್ರದಿಂದ ಬಿಚ್ಚಿದ ವಾಲ್ವ್ ತಂದು ಕೂರಿಸಿದ್ರೆ ಅದು ಕ್ಲೋಸ್ಡ್ ಸೆಂಟರ್ ಆಗಿರಬಹುದು, ಇಲ್ಲಾ ನಡುವಿನ ದಾರಿ ಮುಚ್ಚೋ ಪ್ಲಗ್ ಅದರೊಳಗೆ ಹಾಗೇ ಉಳಿದಿರಬಹುದು, ಆಗ ಲಿವರ್ ಬಿಟ್ಟಿದ್ರೂ ಆಯಿಲು ರಿಲೀಫ್ ಮೇಲೇ ಹೋಗುತ್ತೆ. ಆದ್ರೆ ಹಾಗಿದ್ದಿದ್ರೆ ನಿಮ್ಮ ಗಾಡಿ ಮುಕ್ಕಾಲು ಗಂಟೆ ತಡೀತಿರಲಿಲ್ಲ. ನಿಮ್ಮ ವಿಷ್ಯದಲ್ಲಿ ನಂಗೆ ಜಾಸ್ತಿ ಅನುಮಾನ ಇರೋದು ಲಿವರಿನ ಲಿಂಕೇಜ್ ಮೇಲೆ. ಲೋಕಲ್ ಫ್ಯಾಬ್ರಿಕೇಷನಲ್ಲಿ ರಾಡು ಬೆಂಡಾಗಿ, ಪಿನ್ನು ಮಣ್ಣು ತಿಂದು ಬಿಗಿಯಾಗಿ, ಲಿವರ್ ಕೈ ಬಿಟ್ರೂ ವಾಲ್ವಿನೊಳಗೆ ಹಿಂದೆ ಮುಂದೆ ಜಾರೋ ಸ್ಪೂಲು ಪೂರ್ತಿ ನಡುವಿಗೆ ವಾಪಸ್ ಬರಲ್ಲ, ಎರಡು ಮಿಲಿಮೀಟರ್ ಹೆಚ್ಚುಕಮ್ಮಿ ಆದ್ರೂ ದಾರಿ ಅರ್ಧ ಮುಚ್ಚುತ್ತೆ. ಪಿನ್ ತೆಗೆದು ರಾಡ್ ಬಿಡಿಸಿ ಸ್ಪೂಲನ್ನ ತಾನಾಗೇ ಕೂರೋಕೆ ಬಿಡಿ, ಆಮೇಲೆ ಅದೇ ಇಪ್ಪತ್ತು ನಿಮಿಷದ ಪರೀಕ್ಷೆ ಇನ್ನೊಂದ್ಸಲ ಮಾಡಿ.

ಅದಾದ್ಮೇಲೆ ಹೋಸನ್ನ ಥಟ್ಟನೆ ಸಿಕ್ಕಿಸಿ ಬಿಚ್ಚೋ ಕ್ವಿಕ್ ಕಪ್ಲಿಂಗು. ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್ ಲೈನಲ್ಲಿ ಕಪ್ಲಿಂಗ್ ಇದ್ರೆ ಅದು ಪೂರ್ತಿ ಕೂತಿದ್ಯಾ ನೋಡಿ, ಅರ್ಧ ಕೂತಿದ್ರೆ ಒಳಗಿನ ಗುಂಡು ದಾರಿ ಅಡ್ಡ ಹಾಕ್ಕೊಂಡಿರುತ್ತೆ, ಹೊರಗಿಂದ ನೋಡೋಕೆ ಮಾತ್ರ ಸರಿಯಾಗೇ ಕಾಣುತ್ತೆ. ನನ್ನ ಕೇಳಿದ್ರೆ ಕಾಯಂ ಲೋಡರಿಗೆ ರಿಟರ್ನ್ ಲೈನಲ್ಲಿ ಕಪ್ಲಿಂಗೇ ಬೇಡ. ರಿಟರ್ನ್ ಫಿಲ್ಟರ್ ಎಷ್ಟು ದಿನದ್ದು ಅಂತಾನೂ ನೋಡಿ. ಹೋಸ್ ಸೈಜೂ ಮುಖ್ಯ, ನಿಮಿಷಕ್ಕೆ 20 ಲೀಟರ್ ಅರ್ಧ ಇಂಚಿನ ಹೋಸಲ್ಲಿ ಸೆಕೆಂಡಿಗೆ 2.6 ಮೀಟರ್ ವೇಗದಲ್ಲಿ ಹೋಗುತ್ತೆ, ರಿಟರ್ನಿಗೆ ಇದು ಸರಿ. ಅದೇ 3/8 ಇಂಚಾದ್ರೆ 4.7 ಮೀಟರ್, ಪ್ರೆಷರ್ ಲೈನಿಗೆ ನಡೆಯುತ್ತೆ, ರಿಟರ್ನಿಗೆ ಇಕ್ಕಟ್ಟು. ಪಂಪಿಗೆ ಆಯಿಲ್ ಎಳ್ಕೊಳ್ಳೋ ಸಕ್ಷನ್ ಹೋಸಂತೂ ಮುಕ್ಕಾಲು ಇಂಚಿಗಿಂತ ಕಮ್ಮಿ ಇರಲೇಬಾರ್ದು, ಒಂದಿಂಚು ಇದ್ರೆ ಇನ್ನೂ ಒಳ್ಳೇದು.

ಒಂದು ಪ್ರೆಷರ್ ಗೇಜ್ ಇದ್ರೆ ಈ ಊಹೆಯೆಲ್ಲಾ ಮುಗಿದುಹೋಗುತ್ತೆ. ಪೀಣ್ಯದಲ್ಲಿ ಹೋಸ್ ಕ್ರಿಂಪಿಂಗ್ ಮಾಡೋ ಅಂಗಡಿಗಳಲ್ಲಿ 250 ಬಾರ್ ಗೇಜೂ ಟೀ ಅಡಾಪ್ಟರೂ ಸಿಗುತ್ತೆ, ಪಂಪಿನ ಔಟ್‌ಲೆಟ್ ಹತ್ರ ಹಾಕ್ಸಿ. ಲಿವರ್ ನ್ಯೂಟ್ರಲ್ ಇದ್ದಾಗ ಹತ್ತು ಹದಿನೈದು ಬಾರ್ ಒಳಗಿದ್ರೆ ಚಿಂತೆ ಇಲ್ಲ. 50 ಬಾರ್ ತೋರಿಸ್ತಿದ್ರೆ ಲೋಡರ್ ಏನೂ ಮಾಡದೆ ನಿಂತಾಗಲೂ 1.7 ಕಿಲೋವ್ಯಾಟ್ ಬಿಸಿ ಟ್ಯಾಂಕ್ ಸೇರ್ತಿದೆ ಅಂತ ಅರ್ಥ, ನಿಮ್ಮ ಲಕ್ಷಣಕ್ಕೆ ಅಷ್ಟೇ ಸಾಕು.

ನ್ಯೂಟ್ರಲಲ್ಲಿ ಗಾಡಿ ತಣ್ಣಗೇ ಇತ್ತು ಅಂದ್ರೆ ಡ್ರೈವರ್ ಪಕ್ಕ ನಿಂತು ಒಂದು ಅರ್ಧ ಗಂಟೆ ಸುಮ್ಮನೆ ನೋಡಿ, ಕಿವಿ ಕೊಟ್ಟು ಕೇಳಿ. ಬಕೆಟ್ ಪೂರ್ತಿ ಮಡಿಸಿ ಸಿಲಿಂಡರ್ ಕೊನೆ ಮುಟ್ಟಿದ್ಮೇಲೂ ಲಿವರ್ ಬಿಡದೆ ಹಿಡ್ಕೊಂಡಿರ್ತಾರೆ, ಮಳೆಗೆ ಗಟ್ಟಿಯಾದ ಕೆಮ್ಮಣ್ಣಿನ ಗುಡ್ಡೆಗೆ ಬಕೆಟ್ ನುಗ್ಗಿಸಿ ಅದು ಏಳದೇ ಇದ್ರೂ ಲಿವರ್ ಎಳೀತಾನೇ ಇರ್ತಾರೆ, ಆಗ ಕಿರ್ರ್ ಅಂತ ಒಂದು ಸದ್ದು ಬರುತ್ತೆ ನೋಡಿ, ಅದೇ ರಿಲೀಫ್ ತೆರೆದುಕೊಳ್ಳೋ ಸದ್ದು, ಆ ಸದ್ದಿರೋ ಪ್ರತಿ ಸೆಕೆಂಡೂ ಮೇಲೆ ಹೇಳಿದ 5.3 ಕಿಲೋವ್ಯಾಟ್ ಟ್ಯಾಂಕಿಗೇ. ಡ್ರೈವರಿಗೆ ಬೈಬೇಡಿ, ಯಾರೂ ಅವ್ರಿಗೆ ಇದನ್ನ ಹೇಳಿಕೊಟ್ಟಿರಲ್ಲ. ಸದ್ದು ಬಂದ ತಕ್ಷಣ ಲಿವರ್ ಬಿಡಿ, ಗುಡ್ಡೇನ ಕೆಳಗಿಂದ ಒಂದೇ ಸಲ ಕೀಳೋ ಬದ್ಲು ಸ್ವಲ್ಪ ಸ್ವಲ್ಪ ಕೆರೆದು ತಗೊಳ್ಳಿ ಅಂತ ಹೇಳಿ ಸಾಕು. ಹ್ಯಾಂಡ್ ಆಕ್ಸಿಲರೇಟರ್ ಪೂರ್ತಿ ಎಳೆದಿಡೋ ಅಗತ್ಯವೂ ಇಲ್ಲ, ಕೊಕೊಪೀಟಿನಂಥ ಹಗುರ ಮಾಲಿಗೆ 1500ರಿಂದ 1800 ಆರ್‌ಪಿಎಂ ಧಾರಾಳ, ಲೀಟರ್ ಕಮ್ಮಿಯಾದಷ್ಟೂ ಬಿಸೀನೂ ಕಮ್ಮಿ.

ರಿಲೀಫ್ ವಾಲ್ವೇ ಕೆಟ್ಟಿರಬಹುದು. ಕಸ ಸಿಕ್ಕೊಂಡು ಪೂರ್ತಿ ಮುಚ್ಚದೇ ಇರೋದು, ಸ್ಪ್ರಿಂಗ್ ಸೋತು ನೂರು ಬಾರ್‌ಗೇ ತೆರೆದುಕೊಳ್ಳೋದು, ಇವೆಲ್ಲಾ ಆಗುತ್ತೆ. ಇದನ್ನ ಹಿಡಿಯೋಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಳ್ಳೇ ಸಾಧನ, ಎಸ್‌ಪಿ ರೋಡಲ್ಲಿ ಸಿಗುತ್ತೆ. ಹೊಳೆಯೋ ಲೋಹದ ಮೇಲೆ ಅದು ತಪ್ಪು ತೋರಿಸುತ್ತೆ, ಅದಕ್ಕೆ ಅಳೆಯೋ ಕಡೆಯೆಲ್ಲಾ ಒಂದೊಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ. ಆಯಿಲು ಕೆಲಸ ಮಾಡದೆ 100 ಬಾರ್ ಕಳ್ಕೊಂಡ್ರೆ ಸುಮಾರು 6 ಡಿಗ್ರಿ ಏರುತ್ತೆ, 160 ಬಾರ್‌ಗೆ ಹತ್ತಿರ ಹತ್ತಿರ 10. ಹಾಗಾಗಿ ಪಂಪು, ವಾಲ್ವು, ಕಪ್ಲಿಂಗು, ಸಿಲಿಂಡರು ಎಲ್ಲಾದ್ರ ಒಳಗೆ ಹೋಗೋ ಕಡೆ, ಹೊರಗೆ ಬರೋ ಕಡೆ ಅಳೀತಾ ಬನ್ನಿ, ಎಲ್ಲಿ ಒಮ್ಮೆಗೇ ನೆಗೆಯುತ್ತೋ ಅಲ್ಲೇ ರೋಗ. ಎರಡು ಲಿಫ್ಟ್ ಸಿಲಿಂಡರಲ್ಲಿ ಒಂದು ಮಾತ್ರ ಜಾಸ್ತಿ ಬಿಸಿ ಇದ್ರೆ ಅದರ ಪಿಸ್ಟನ್ ಸೀಲ್ ಹೋಗಿರೋ ಸಾಧ್ಯತೆ ಇದೆ. ಕೈಯಿಂದ ಮುಟ್ಟಿ ನೋಡೋ ಅಭ್ಯಾಸ ಬಿಡಿ, 60 ಡಿಗ್ರಿ ದಾಟಿದ ಲೋಹ ಚರ್ಮ ಸುಡುತ್ತೆ.

ಟ್ಯಾಂಕಿನೊಳಗೆ ಪೈಪು ಹೇಗಿವೆ ಅಂತ ನೀವು ಬರೆದಿಲ್ಲ, ಆದ್ರೆ ವೆಲ್ಡಿಂಗ್ ಶಾಪಲ್ಲಿ ಮಾಡಿಸಿದ ಟ್ಯಾಂಕುಗಳಲ್ಲಿ ರಿಟರ್ನ್ ಪೈಪನ್ನ ಸಕ್ಷನ್ ಪಕ್ಕದಲ್ಲೇ ಇಟ್ಟುಬಿಟ್ಟಿರ್ತಾರೆ. ಬಿಸಿ ಆಯಿಲು ಬಂದಿದ್ದೇ ತಿರುಗಿ ಪಂಪಿಗೆ ಹೋಗುತ್ತೆ, ಉಳಿದ ಆಯಿಲು ಮೂಲೇಲಿ ಸುಮ್ಮನೆ ನಿಂತಿರುತ್ತೆ. ಎರಡೂ ಎದುರುಬದುರು ತುದೀಲಿರ್ಬೇಕು, ನಡುವೆ ಒಂದು ಅಡ್ಡ ತಗಡು ಬೇಕು, ರಿಟರ್ನ್ ಪೈಪಿನ ಬಾಯಿ ಆಯಿಲ್ ಮಟ್ಟದ ಕೆಳಗೇ ಮುಳುಗಿರ್ಬೇಕು, ಮೇಲಿಂದ ಸುರಿದ್ರೆ ನೊರೆ ಬರುತ್ತೆ, ನೊರೆ ಪಂಪಿಗೆ ಹೋದ್ರೆ ಅದೂ ಬಿಸೀನೇ. ಪಂಪು ಕೊರಗೋ ಸದ್ದು ಮಾಡ್ತಿದ್ರೆ ಸಕ್ಷನ್ ಜಾಲರಿ ತೆಗೆದು ತೊಳೀರಿ, ಕೊಕೊಪೀಟ್ ಧೂಳು ಟ್ಯಾಂಕಿಗೆ ಗಾಳಿ ಆಡೋ ಬ್ರೀದರ್ ಮೂಲಕ ಒಳಗೆ ಸೇರಿಕೊಳ್ಳೋದು ನರ್ಸರಿಗಳಲ್ಲಿ ಸಾಮಾನ್ಯ.

ಈಗ ಆ ಇಬ್ಬರ ಮಾತಿಗೆ ಬರೋಣ. 46 ಅಂದ್ರೆ 40 ಡಿಗ್ರಿ ಬಿಸೀಲಿ ಆಯಿಲಿನ ಗಟ್ಟಿತನದ ಅಳತೆ, 80 ಡಿಗ್ರಿಗೆ ಬಂದ್ರೆ ಅದೇ ಆಯಿಲು 12ರ ಆಸುಪಾಸಿಗೆ ಇಳಿದು ನೀರಾಗುತ್ತೆ, ಆಗ ಸ್ಪೂಲು, ಸೀಲು, ಪಂಪಿನ ಹಲ್ಲಿನ ಸಂದಿಯಿಂದೆಲ್ಲಾ ನುಸುಳುತ್ತೆ, ನಿಮ್ಮ ಬಕೆಟ್ ನಿಧಾನ ಆಗೋದೂ ತಾನಾಗೇ ಇಳಿಯೋದೂ ಇದಕ್ಕೇ. ಹಾಗೆ ನುಸುಳಿದ ಆಯಿಲು ಇನ್ನಷ್ಟು ಬಿಸಿ ಮಾಡುತ್ತೆ. 68 ಹಾಕಿದ್ರೆ 80 ಡಿಗ್ರೀಲೂ ಸ್ವಲ್ಪ ಗಟ್ಟಿ ಉಳಿಯುತ್ತೆ, ಪಂಪ್ ಕಂಪನಿಯೋರು ಒಪ್ಪಿದ್ರೆ ಬೆಂಗಳೂರಿನ ಬೇಸಿಗೆಗೆ ತೊಂದ್ರೆ ಇಲ್ಲ, ಆದ್ರೆ ಅದು ಸೋರಿಕೇನ ಮುಚ್ಚಿಡುತ್ತೆ ಅಷ್ಟೇ. ಕೂಲರು ಕೊನೇ ಹೆಜ್ಜೆ. ಎಲ್ಲಾ ಸರಿ ಮಾಡಿದ್ಮೇಲೂ ದಿನವಿಡೀ ಕೆಲಸದಲ್ಲಿ ಆಯಿಲು 60-65 ದಾಟ್ತಿದ್ರೆ ಹಾಕ್ಸಿ, ರಿಟರ್ನ್ ಲೈನಲ್ಲಿ ಮಾತ್ರ, ಆಯಿಲ್ ಗಟ್ಟಿ ಇದ್ದಾಗ ಕೂಲರ್ ತಪ್ಪಿಸಿ ಹೋಗೋ ದಾರಿ, ಅಂದ್ರೆ ಬೈಪಾಸ್ ಇರೋದೇ ಹಾಕ್ಸಿ, ರೇಡಿಯೇಟರ್ ಮುಂದೆ ಮಾತ್ರ ಒತ್ತಿ ಕೂರಿಸಬೇಡಿ, ಎಂಜಿನ್ ಕಾಯೋಕೆ ಶುರುವಾಗುತ್ತೆ. ಸುಟ್ಟ ವಾಸನೆ ಬಂದಿದೆ ಅಂದಿದೀರಲ್ಲಾ, ಕಾರಣ ಸಿಕ್ಕಿ ಸರಿ ಮಾಡಿದ್ಮೇಲೆ ಆ ಆಯಿಲನ್ನೂ ಫಿಲ್ಟರನ್ನೂ ಪೂರ್ತಿ ಬದಲಾಯಿಸಿ. 80 ದಾಟಿ ಬೆಂದ ಆಯಿಲು ಮತ್ತೆ ಸರಿ ಹೋಗಲ್ಲ, ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೂ ಅದರ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತೆ.

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ರ ದ್ರಾಕ್ಷಿ ತೋಟ. ನಮ್ಮ ಲೋಡರ್‌ಗೆ ಬೇರೆ ಪಂಪಿಲ್ಲ, ಟ್ರಾಕ್ಟರಿನದೇ ಹೈಡ್ರಾಲಿಕ್ ಔಟ್‌ಲೆಟ್ಟಿಂದ ತಗೊಂಡಿದೀವಿ. ಆಯಿಲ್ ಚೇಂಜ್ ಮಾಡುವಾಗ ಅಂಗಡಿಯೋರು ಹೈಡ್ರಾಲಿಕ್ 68 ಸಾಕು, ರೇಟೂ ಕಮ್ಮಿ ಅಂದ್ರು, ಹಾಕ್ಸಿದೆ. ಈಗ ಬ್ರೇಕ್ ಹಿಡಿದ್ರೆ ಗುರ್ರ್ ಅನ್ನುತ್ತೆ, ಹಿಂದಿನ ಹೌಸಿಂಗೂ ಬಿಸಿ. ಸಂಬಂಧ ಇದ್ಯಾ ಸರ್?

ಉತ್ತರ: ಖಂಡಿತ ಇರಬಹುದು. ನಿಮ್ಮ ಗಾಡೀಲಿ ಗೇರ್‌ಬಾಕ್ಸು, ಡಿಫರೆನ್ಷಿಯಲ್, ಹೈಡ್ರಾಲಿಕ್, ಆಯಿಲಲ್ಲಿ ಮುಳುಗಿರೋ ಬ್ರೇಕು ಎಲ್ಲಾದಕ್ಕೂ ಒಂದೇ ಆಯಿಲು, ಅಂಥ ಗಾಡಿಗೆ ಯುಟಿಟಿಓ ಅನ್ನೋ ಟ್ರಾಕ್ಟರ್ ಆಯಿಲ್ ಬೇಕು. ಬರೀ ಹೈಡ್ರಾಲಿಕ್ ಆಯಿಲಲ್ಲಿ ಗೇರ್ ಹಲ್ಲು ಕಾಯೋ ಅಂಶ ಸಾಲಲ್ಲ, ಬ್ರೇಕ್ ಡಿಸ್ಕು ಅದುರದ ಹಾಗೆ ನೋಡ್ಕೊಳ್ಳೋ ಅಂಶ ಇರಲ್ಲ, ಅದಕ್ಕೇ ಆ ಗುರ್ರ್. ಉಳಿಸಿದ ದುಡ್ಡಿಗಿಂತ ಬ್ರೇಕ್ ಡಿಸ್ಕ್ ಬಿಚ್ಚಿಸೋ ಖರ್ಚು ಎಷ್ಟೋ ಜಾಸ್ತಿ, ಮುಂದಕ್ಕೆ ಹಾಕದೆ ಪೂರ್ತಿ ಡ್ರೈನ್ ಮಾಡಿಸಿ, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಗ್ರೇಡ್ ಬರೆದಿದ್ಯೋ ಅದನ್ನೇ ಹಾಕ್ಸಿ. ಡ್ರೈನ್ ಆದ ಆಯಿಲು ಹಾಲಿನ ಥರ ಬೆಳ್ಳಗಿದ್ರೆ ನೀರು ಸೇರಿದೆ, ಅದೆಲ್ಲಿಂದ ಬಂತು ಅಂತಾನೂ ಹುಡುಕಿಸಿ.

ಬಿಸಿಗೆ ಇನ್ನೊಂದು ಕಾರಣ ಇದೆ, ಇದನ್ನ ತುಂಬಾ ಜನ ಗಮನಿಸಲ್ಲ. ಲೋಡರ್ ಕೆಲಸ ಮಾಡುವಾಗ ಹಿಂದಿನ ಲಿಫ್ಟ್ ಆರ್ಮ್‌ಗಳ ಲಿವರ್ ಎಲ್ಲಿರುತ್ತೆ ನೋಡಿ. ಕಲ್ಟಿವೇಟರ್ ನೆಲಕ್ಕೆ ತಾಗಬಾರ್ದು ಅಂತ ಲಿವರ್ ಪೂರ್ತಿ ಮೇಲಕ್ಕೆಳೆದು ಬಿಟ್ಟಿರ್ತೀವಿ, ಲಿಂಕೇಜ್ ಅಡ್ಜಸ್ಟ್‌ಮೆಂಟ್ ತಪ್ಪಿದ್ರೆ ಆರ್ಮ್ ತುದಿ ಮುಟ್ಟಿದ್ಮೇಲೂ ವಾಲ್ವ್ ಇನ್ನೂ ಎತ್ತು ಅಂತಾನೇ ಇರುತ್ತೆ, ಆಯಿಲು ರಿಲೀಫ್ ಮೇಲೆ ಹೋಗ್ತಾನೇ ಇರುತ್ತೆ, ಸೀಟಿನ ಕೆಳಗೆ ಸಣ್ಣಗೆ ಕಿರುಗುಟ್ಟೋ ಸದ್ದು ಬರುತ್ತೆ. ಲಿವರನ್ನ ಒಂದು ಬೆರಳಷ್ಟು ಕೆಳಗಿಳಿಸಿದ ತಕ್ಷಣ ಸದ್ದು ನಿಂತ್ರೆ ಅದೇ ಕಾರಣ. ಆ ಲಿವರಿನ ಸ್ಟಾಪರ್ ಸರಿ ಮಾಡಿಸಿ. ಲೋಡರ್ ಓಡಿಸುವಾಗ ಹಿಂದೆ ಇಂಪ್ಲಿಮೆಂಟ್ ಬೇಡವಾಗಿದ್ರೆ ಬಿಚ್ಚಿಟ್ಟು ಆರ್ಮ್ ಇಳಿಸಿಬಿಡಿ. ಬರೀ ತೂಕಕ್ಕೆ ಅಂತ ಹಿಂದೆ ಏನಾದ್ರೂ ಕಟ್ಟಿರೋದಾದ್ರೆ ಮಾತ್ರ ತೆಗೀಬೇಡಿ, ಮುಂದೆ ಬಕೆಟ್ ತುಂಬಿದಾಗ ಹಿಂದಿನ ಚಕ್ರ ಹಗುರ ಆಗಬಾರ್ದು.

ಪ್ರಶ್ನೆ: ನಾನು ಸರ್ಜಾಪುರ ರೋಡ್ ಕಡೆ ಅಪಾರ್ಟ್‌ಮೆಂಟ್‌ಗಳ ಗಾರ್ಡನ್ ಮೇಂಟೆನೆನ್ಸ್ ಕಾಂಟ್ರಾಕ್ಟ್ ಮಾಡೋಳು. ನಮ್ಮ ಸಣ್ಣ ಲೋಡರ್ ಹೋಸಲ್ಲಿ ಸೂಜಿ ಮೊನೆಯಷ್ಟು ತೂತಾಗಿ ಬಿಸಿ ಆಯಿಲ್ ಹೊಗೆ ಥರ ಚಿಮ್ಮುತ್ತೆ. ಡ್ರೈವರ್ ಅಣ್ಣ ಟ್ಯೂಬ್ ತುಂಡು ಸುತ್ತಿ ತಂತಿ ಬಿಗಿದು ಓಡಿಸ್ತಿದಾರೆ. ವಾರದ ಕೊನೇಲಿ ಹೋಸ್ ಹಾಕ್ಸಿದ್ರೆ ನಡೆಯುತ್ತಾ?

ಉತ್ತರ: ಇಲ್ಲಮ್ಮ, ನಡೆಯಲ್ಲ. ದಯವಿಟ್ಟು ಇದನ್ನ ಓದಿದ ತಕ್ಷಣ ಗಾಡಿ ನಿಲ್ಲಿಸಿ. ಆ ತೂತಿಂದ ಬರೋ ಆಯಿಲು ನೂರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿರುತ್ತೆ, ಕೈ ಅಡ್ಡ ಬಂದ್ರೆ ಚರ್ಮ ಸೀಳಿ ಒಳಗೆ ಹೋಗುತ್ತೆ, ಗ್ಲೌಸ್ ಇದ್ರೂ ತಡೆಯಲ್ಲ. ಇದರ ಮೋಸ ಏನಂದ್ರೆ ಮೊದಲು ಸಣ್ಣ ಚುಕ್ಕೆ ಗಾಯ ಅಷ್ಟೇ ಕಾಣೋದು, ನೋವೂ ಜಾಸ್ತಿ ಇರಲ್ಲ, ಅರಿಶಿನ ಹಚ್ಚಿ ಸುಮ್ಮನಾಗ್ತಾರೆ, ಒಳಗೆ ಮಾಂಸ ಕೊಳೆಯೋಕೆ ಶುರುವಾಗಿರುತ್ತೆ, ಬೆರಳೋ ಕೈಯೋ ತೆಗೆಯೋ ಪರಿಸ್ಥಿತಿ ಬರಬಹುದು. ಯಾರಿಗಾದ್ರೂ ಹಾಗೆ ತಾಗಿದ್ರೆ ನೋವಿಲ್ಲ ಅಂದ್ರೂ ತಕ್ಷಣ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಹೈಡ್ರಾಲಿಕ್ ಆಯಿಲ್ ಪ್ರೆಷರಲ್ಲಿ ಒಳಗೆ ನುಗ್ಗಿದೆ ಅಂತ ಬಾಯಿಬಿಟ್ಟು ಹೇಳಿ, ಸಾಮಾನ್ಯವಾಗಿ ಆಪರೇಷನ್ ಮಾಡಿ ತೊಳೀಬೇಕಾಗುತ್ತೆ, ಹೊತ್ತು ಕಳೆದಷ್ಟೂ ಕಷ್ಟ. ಡ್ರೈವರ್ ಅಣ್ಣಂಗೆ ಇವತ್ತೇ ಇದನ್ನ ಓದಿ ಹೇಳಿ.

ಸೋರಿಕೆ ಎಲ್ಲಿ ಅಂತ ಹುಡುಕ್ಬೇಕಿದ್ರೆ ಒಂದು ರಟ್ಟಿನ ತುಂಡು ಹಿಡೀರಿ, ಕೈ ಆಡಿಸಬೇಡಿ. ಹೋಸ್ ಬಿಚ್ಚೋಕೆ ಮುಂಚೆ ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ, ಲಿವರ್‌ಗಳನ್ನ ಎಲ್ಲಾ ಕಡೆಗೂ ಒಂದೆರಡು ಸಲ ಆಡಿಸಿ ಉಳಿದ ಒತ್ತಡ ಬಿಡಿಸಿ, ಆಯಿಲು ತಣ್ಣಗಾಗೋವರೆಗೂ ಕಾಯಿರಿ. ಹಳೇ ಹೋಸನ್ನೇ ಜೊತೆಗೆ ತಗೊಂಡು ಹೋದ್ರೆ ಅಂಗಡೀಲಿ ಅದೇ ಉದ್ದಕ್ಕೆ ಕ್ರಿಂಪ್ ಮಾಡಿಕೊಡ್ತಾರೆ. ಆರ್2 ಅಂತ ಕೇಳಿ, ಒಳಗೆ ಎರಡು ಪದರ ತಂತಿ ಬಲೆ ಇರುತ್ತೆ, ಅರ್ಧ ಇಂಚಿನದು 275 ಬಾರ್ ತಡೆಯುತ್ತೆ, ಒಂದು ಪದರದ ಆರ್1 ಅಷ್ಟೇ ಸೈಜಲ್ಲಿ 160ಕ್ಕೇ ಮುಗಿಯುತ್ತೆ. ಉಳಿದ ಹೋಸ್‌ಗಳನ್ನೂ ಬಗ್ಗಿಸಿ ನೋಡಿ, ರಬ್ಬರ್ ಗಟ್ಟಿಯಾಗಿ ಬಿರುಕು ಕಾಣಿಸಿದ್ರೆ ನಿಮ್ಮ ಆಯಿಲೂ ವಿಪರೀತ ಕಾಯ್ತಿದೆ ಅಂತ ಅನುಮಾನ ಪಡಿ, ಮೊದಲನೇ ಉತ್ತರದಲ್ಲಿ ಹೇಳಿದ ಇಪ್ಪತ್ತು ನಿಮಿಷದ ಪರೀಕ್ಷೆ ನೀವೂ ಮಾಡಿಸಿ.

ಪ್ರಶ್ನೆ: ಬದಲಾಯಿಸಿದ ಹಳೇ ಹೈಡ್ರಾಲಿಕ್ ಆಯಿಲನ್ನ ಗೆದ್ದಲಿಗೆ ಅಂತ ತೋಟದ ಬೇಲಿ ಕಂಬಕ್ಕೂ ತೆಂಗಿನ ಬುಡಕ್ಕೂ ಹಾಕಬಹುದಾ? ನಮ್ಮ ಕಡೆ ಎಲ್ಲರೂ ಹಾಕ್ತಾರೆ. ಊರು ದೇವನಹಳ್ಳಿ.

ಉತ್ತರ: ಬೇಡ. ಬುಡಕ್ಕೆ ಹಾಕಿದ ಆಯಿಲು ಬೇರಿಗೆ ಗಾಳಿ ನೀರು ಹೋಗದ ಹಾಗೆ ಮಣ್ಣನ್ನ ಕಟ್ಟಿಹಾಕುತ್ತೆ, ಸವೆದ ಲೋಹದ ಪುಡೀನೂ ಅದರ ಜೊತೆ ಮಣ್ಣು ಸೇರುತ್ತೆ. ನಿಮ್ಮ ಕಡೆ ಕುಡಿಯೋಕೂ ಬೋರ್‌ವೆಲ್ ನೀರನ್ನೇ ನಂಬಿರೋ ಮನೆಗಳಿವೆ, ಅಂಥ ಕಡೆ ಮಣ್ಣಿಗೆ ಆಯಿಲ್ ಸುರಿಯೋದು ಬಹಳ ತಪ್ಪು. ಬಳಸಿದ ಆಯಿಲು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಕೆಳಗೆ ಬರುತ್ತೆ, ಮೋರಿಗೂ ಬಿಡೋ ಹಾಗಿಲ್ಲ. ಮುಚ್ಚಳ ಇರೋ ಕ್ಯಾನಲ್ಲಿ ತುಂಬಿಡಿ, ನೀರು, ಡೀಸೆಲ್, ಕೂಲಂಟ್ ಬೆರೆಸಬೇಡಿ, ಆಯಿಲ್ ಚೇಂಜ್ ಮಾಡೋ ವರ್ಕ್‌ಶಾಪಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರೋ ರೀಸೈಕ್ಲರಿಗೆ ಕೊಡ್ತಾರಾ ಅಂತ ಕೇಳಿ ಅಲ್ಲೇ ಒಪ್ಪಿಸಿ.